ಎಡಮುರಿ ಶಂಖ

"ಅರ್ಧ ಊರಿಗೆ ನೆಲಾ ಹಾಸಿದವ ನಾನು, ಅಕ್ಕಾರ. ಇವತ್ತ ಕಳ್ಳ ಆಗೀನಿ," ಎಂದು ಮಶಾಕಸಾಬ ಹೊಸ್ತಿಲಲ್ಲೇ ಕುಸಿದು ಕುಳಿತ.

ಸಂಶಿಯಲ್ಲಿ ಯಾವ ಗಂಟು ಬಿಡಿಸಬೇಕಾದರೂ ಜನ ಬರುವುದು ನಿವೃತ್ತ ವಿಜ್ಞಾನ ಶಿಕ್ಷಕಿ ಮಹಾನಂದಾ ಅವರ ಮನೆಗೆ. ಅವರ ಜೊತೆಗಾತಿ ಮುಸರತ್‌ಗೆ ಮಶಾಕಸಾಬ ಸ್ವಂತ ಕಾಕಾ. ಅವಳು ಒಳಗೋಡಿ ನೀರು ತಂದುಕೊಟ್ಟಳು.

ಅದೇ ಊರಿನ ಈರಬಸಪ್ಪನವರ ತೀರಿಹೋದ ಮಗಳು ಬಾರ್ಸಿಲೋನಾದಿಂದ ಒಂದು ಹಳೆಯ ಸಿಮೆಂಟ್ ಟೈಲ್ ತಂದಿದ್ದಳು. ಆರು ಮೂಲೆ, ನಡುವೆ ಬಲಕ್ಕೆ ಸುತ್ತಿದ ಶಂಖ. ಅದೇ ಮಾದರಿಯಲ್ಲಿ ಪಡಸಾಲೆ ಹಾಸಲು ಅದನ್ನು ಒಯ್ದಿದ್ದ ಮಶಾಕಸಾಬ, ಮರಳಿಸಿಯೂ ಇದ್ದ. ಅವರು ಅದನ್ನಿಟ್ಟಿದ್ದ ದೇವರ ಮಾಡದಲ್ಲಿ, ಗೋಡೆಯ ಗೂಡಿನಲ್ಲಿ, ಈಗ ಸಿಕ್ಕದ್ದು ನಕಲಿ.

"ಶಂಖ ಎಡಕ್ಕ ತಿರುಗೇತಿ ನೋಡ್ರಿ," ಎಂದರು ಈರಬಸಪ್ಪ, ಮೂವರೂ ಅವರ ಮನೆಗೆ ಹೋದಾಗ, ಅರ್ಧ ಹಾಸಿದ ಪಡಸಾಲೆಯಲ್ಲಿ ನಿಂತು. "ಟೈಲ್ ಮಾಡಾಕ ಇವನ್ನ ಬಿಟ್ರ ಯಾರಿಗೆ ಬರತೈತಿ? ನಾ ಪೊಲೀಸ್ ಸ್ಟೇಷನ್‌ಗೆ ಹೊಂಟೀನಿ."

ಮಹಾನಂದಾ ಟೈಲ್ ಮೇಲೆ ಬೆರಳಾಡಿಸಿದರು. ಒಂದು ಮೂಲೆಯಲ್ಲಿ ರವೆಯಂಥ ಉಬ್ಬು ಚುಕ್ಕೆಗಳು. "ಮುಸರತ್, ಕನ್ನಡಿ ತೊಗೊಂಬಾರವಾ."

ಕನ್ನಡಿಯಲ್ಲಿ ಚುಕ್ಕೆಗಳು ಅಕ್ಷರಗಳಾದವು: ಮೌಲಾಬಿ. ಅದು ಮುಸರತ್‌ಳ ತೀರಿಹೋದ ಕಾಕುವಿನ ಹೆಸರು.

"ಇನ್ನೇನ್ ಬೇಕ್ರಿ? ಇವನ ಹೇಣ್ತಿ ಹೆಸರು," ಎಂದರು ಈರಬಸಪ್ಪ.

"ತಡೀರಿ," ಎಂದರು ಮಹಾನಂದಾ. "ಈ ಟೈಲ್ ಬೋರಲ ಎರೀತಾರ, ಬಣ್ಣ ಕೆಳಗ, ಸಿಮೆಂಟ್ ಮ್ಯಾಲ. ಅಚ್ಚಿನ್ಯಾಗ ಬಲಕ್ಕಿದ್ದದ್ದು ಎಡಕ್ಕ ಬರತೈತಿ. ಅದಕ್ಕ ಮಶಾಕಸಾಬ ತನ್ನ ಅಚ್ಚಿನ್ಯಾಗ ಶಂಖ ಎಡಕ್ಕ ಕೂಡಸ್ಯಾನ. ಈ ನೆಲದಾಗ ಒಂದರ ಎಡಮುರಿ ಐತೇನು? ಇದನ್ನ ಮಾಡಿದವರು ಈ ಮನಿ ಹಿತ್ತಲದಾಗ ಅವನ ಕೆಲಸಾ ಕುಂತು ನೋಡ್ಯಾರ. ತಿರುವಿ ಇಡೂದೊಂದು ತಿಳದಿಲ್ಲ."

"ಮತ್ತ ಹೆಸರು?"

"ತಳದಾಗ ಇದ್ದದ್ದೆಲ್ಲಾ ಟೈಲ್‌ನ ಮಾರಿ ಮ್ಯಾಲ ಮೂಡತೈತಿ. ಹೆಸರು ಕೊರಸಿದ ಸ್ಟೀಲ್ ಪಾತ್ರ್ಯಾಗ ಎರದಾರ. ಮದವಿ-ಮುಂಜಿವ್ಯಾಗ ಪಾತ್ರಿ ಆಹೇರಿ ಕೊಟ್ರ ಯಾರ ಹೆಸರು ಹಾಕಸ್ತೀವಿ? ಕೊಟ್ಟವರದು. ಆ ಪಾತ್ರಿ ಇರೂದು ಯಾರ ಅಡಗಿಮನ್ಯಾಗ?"

ಈರಬಸಪ್ಪನವರ ಹೆಂಡತಿ ಅನ್ನವ್ವ ಎದ್ದು ಒಳಗೆ ಹೋಗಿ, ಹಿಟ್ಟು ನಾದುವ ಪರಾತ ತಂದಿಟ್ಟಳು. ಅದರಲ್ಲಿ ಹಳೆಯ ಟೈಲ್‌ನ ಚೂರುಗಳು.

"ಮಗಳ ತೊಟ್ಟಿಲಕ್ಕ ಮೌಲಾಬಿ ಕೊಟ್ಟ ಪರಾತ," ಎಂದಳು ಗಂಡನಿಗೆ. "ಟೈಲ್ ಒರಸಾಕ ಹೋದೆ, ಕೈ ಜಾರಿತು. ಮಗಳು ತಂದದ್ದು ಅದೊಂದ ಉಳದಿತ್ರಿ. ನಿಮಗ ಹ್ಯಾಂಗ ಹೇಳಲಿ? ಉಳದ ಬಣ್ಣ, ಸಿಮೆಂಟ್ ತೊಗೊಂಡು ನಾನ ಇದನ್ನ ಎರದೆ. ಕಳವು ಮಶಾಕಸಾಬನ ಮ್ಯಾಲ ಬಂದಾಗ ಬಾಯಿ ಕಟ್ಟಿಹೋತು."

ಈರಬಸಪ್ಪ ಚೂರುಗಳ ಮುಂದೆ ಕುಳಿತರು. ಒಂದು ಚೂರನ್ನು ಕೈಗೆತ್ತಿಕೊಂಡು, "ತಪ್ಪಾತೋ ಮಶಾಕ," ಎಂದರು.

ಮಶಾಕಸಾಬ ಚೂರುಗಳನ್ನು ಒಂದಕ್ಕೊಂದು ಹೊಂದಿಸಿ ನೋಡುತ್ತಿದ್ದ. "ಪಡಸಾಲಿ ನಡುವಿನ ಜಾಗಾ ಖಾಲಿ ಐತ್ರಿ. ಜೋಡಿಸಿ ಅಲ್ಲೇ ಕೂಡಸ್ತೀನಿ."

"ಈ ಎಡಮುರಿ ಒಗದುಬಿಡ್ಲೇನು, ಕಾಕಾ?" ಎಂದಳು ಮುಸರತ್.

"ಬ್ಯಾಡವಾ. ಅದನ್ನೂ ಬಾಜೂಕ ಹಾಸ್ತೀನಿ. ಅದರಾಗ ನಮ್ಮಾಕಿ ಹೆಸರೈತಿ."