ಏಳನೇ ಟ್ಯೂಬು

"ನಿಮ್ಮ ಜೊಲ್ಲು ನನ್ನ ಶೆಲ್ಫಲ್ಲಿ ಯಾಕಿದೆ?"

ಬೆಳಿಗ್ಗೆ ಒಂಬತ್ತಕ್ಕೆ ಲ್ಯಾಬಿಗೆ ಕಾಲಿಟ್ಟವಳಿಗೆ ಸಿಕ್ಕ ಸ್ವಾಗತ ಇದು. ದೊಡ್ಡ ಫ್ರೀಜರಿನ ಬಾಗಿಲು ತೆರೆದಿತ್ತು, ಒಳಗಿಂದ ಬಿಳಿ ಹೊಗೆ ಇಳಿಯುತ್ತಿತ್ತು, ಹೊಗೆಯ ನಡುವೆ ಮುಖ ಗಂಟು ಹಾಕಿಕೊಂಡು ಗುಮ್ಮ ನಿಂತಿದ್ದ.

ಗುಮ್ಮ ಎಂಬುದು ಅವನಿಗೆ ಮಕ್ಕಳ ವಾರ್ಡಿನಲ್ಲಿ ಬಿದ್ದ ಹೆಸರು. ಕಿಡ್ನಿಯ ಕ್ಯಾನ್ಸರ್ ಆದ ಪುಟ್ಟ ಮಕ್ಕಳ ರಕ್ತ ತೆಗೆಯಲು ಹೋಗುವ ಡಾಕ್ಟರನ್ನು ಅವು ಇನ್ನೇನೆಂದು ಕರೆದಾವು? ಹೆಸರು ಲ್ಯಾಬಿಗೂ ಅವನ ಹಿಂದೆಯೇ ಬಂದಿತ್ತು. ಅವಳ ಕೆಲಸ ಓಟಗಾರರದ್ದು. ಮೈಮುರಿದು ಅಭ್ಯಾಸ ಮಾಡಿದವರು ಸ್ಪರ್ಧೆಯ ಹಿಂದಿನ ವಾರವೇ ನೆಗಡಿ ಜ್ವರ ಹಿಡಿದು ಮಲಗುತ್ತಾರಲ್ಲ, ಅದನ್ನು ಎಂಜಲಿನಲ್ಲಿರುವ ಒಂದು ಪ್ರೋಟೀನು ನೋಡಿ ಮೊದಲೇ ಹೇಳಬಹುದೇ ಎಂದು ಹುಡುಕುತ್ತಿದ್ದಳು. ಅದಕ್ಕಾಗಿ ದಾಂಡಿಗರಂಥ ಓಟಗಾರರೆಲ್ಲ ತಲೆ ತಗ್ಗಿಸಿ ಟ್ಯೂಬಿನೊಳಗೆ ಜೊಲ್ಲು ಇಳಿಬಿಡಬೇಕಿತ್ತು. ಗುಮ್ಮ ಅವಳನ್ನು ಕರೆಯುತ್ತಿದ್ದದ್ದೇ 'ಜೊಲ್ಲು ಮೇಡಂ' ಎಂದು.

"ನಿನ್ನೆ ನಲವತ್ತು ಜನರ ಸ್ಯಾಂಪಲ್ ಬಂತು. ನಿಮ್ಮ ರ್‍ಯಾಕನ್ನ ಕೆಳಗಿಟ್ಟೆ. ಕೆಳಗೂ ಅಷ್ಟೇ ಚಳಿ ಇದೆ," ಎಂದಳು.

"ಕೇಳದೆ ಮುಟ್ಟೋಕೆ ಅದೇನು ಅಡುಗೆಮನೆ ಡಬ್ಬಿನಾ?"

"ಮೂರನೇ ಶೆಲ್ಫೇನು ನಿಮ್ಮಪ್ಪ ಬರೆದುಕೊಟ್ಟ ಆಸ್ತಿನಾ?"

ಚಳಿಗೆ ಮಬ್ಬಾದ ಕನ್ನಡಕ ತೆಗೆದು, ಕೋಟಿನ ತುದಿಯಲ್ಲಿ ಒರೆಸಿ, ಮತ್ತೆ ಹಾಕಿಕೊಂಡು, ಅವನು ಅವಳನ್ನು ನೆಟ್ಟಗೆ ನೋಡಿದ. ಇದು ಅವನ ಪದ್ಧತಿ. ಬೈಯುವ ಮೊದಲು ಕನ್ನಡಕ ಸ್ವಚ್ಛವಾಗಬೇಕು. ಆ ನೋಟದಲ್ಲಿ ಕರುಣೆಯ ಒಂದು ಹನಿಯೂ ಇರಲಿಲ್ಲ. ಅಷ್ಟರಲ್ಲಿ, ಎರಡು ನಿಮಿಷಕ್ಕಿಂತ ಹೆಚ್ಚು ಬಾಗಿಲು ತೆರೆದಿಟ್ಟರೆ ಕೂಗುವ ಫ್ರೀಜರು ಕುಂಯ್ ಎಂದು ಕೂಗಿಕೊಂಡಿತು. ಅವರ ಜಗಳಗಳೆಲ್ಲ ಮುಗಿಯುತ್ತಿದ್ದದ್ದು ಹೀಗೆಯೇ, ಇಬ್ಬರಲ್ಲಿ ಯಾರೂ ಸೋಲದೆ.

ಅವಳು ತನ್ನ ಮೇಜಿಗೆ ಬಂದು ಕೂತಾಗ ಕೆನ್ನೆ ಬಿಸಿಯಾಗಿತ್ತು. ನಾಚಿಕೆಗೆಟ್ಟ ಮನಸ್ಸು ಖುಷಿಯಾಗಿತ್ತು.

ಕಾರಣ ಅವಳಿಗೆ ಮಾತ್ರ ಗೊತ್ತು. ನಾಲ್ಕನೇ ವಯಸ್ಸಿನಲ್ಲಿ ಅವಳ ಎಡಗಡೆಯ ಕಿಡ್ನಿಯಲ್ಲಿ ಗಡ್ಡೆ ಬೆಳೆದಿತ್ತು. ಕಿಡ್ನಿ ಹೋಯಿತು, ಕಾಯಿಲೆಯೂ ಹೋಯಿತು, ಹೊಟ್ಟೆಯ ಮೇಲೊಂದು ಉದ್ದನೆಯ ಗೆರೆ ಉಳಿಯಿತು. ಜೊತೆಗೆ ಉಳಿದದ್ದು ಜನರ ಮುಖ. ಅಮ್ಮ ಇವತ್ತಿಗೂ ದಿನಕ್ಕೆ ನಾಲ್ಕು ಸಲ ಫೋನ್ ಮಾಡಿ "ನೀರು ಕುಡಿದ್ಯಾ ಪುಟ್ಟಿ?" ಎನ್ನುತ್ತಾಳೆ. ಸೋದರತ್ತೆ ಮನೆಗೆ ಬಂದಾಗಲೆಲ್ಲ ತಲೆ ಸವರಿ ನಿಟ್ಟುಸಿರು ಬಿಡುತ್ತಾಳೆ. ಮದುವೆಯಾಗಬೇಕಿದ್ದ ಒಬ್ಬನಿಗೆ ವಿಷಯ ಹೇಳಿದಳು. ಮಾರನೆಯ ದಿನದಿಂದ ಅವನು ಮೆಟ್ಟಿಲು ಇಳಿಯುವಾಗ ಅವಳ ಮೊಣಕೈ ಹಿಡಿಯತೊಡಗಿದ, ಅವಳು ಏನಂದರೂ ಹೂಂ ಎನ್ನತೊಡಗಿದ. ಮೂರು ತಿಂಗಳು ಹೂಂಗುಟ್ಟಿಸಿಕೊಂಡು ಅವಳೇ ಅವನನ್ನು ಬಿಟ್ಟಳು.

ಗುಮ್ಮ ಒಬ್ಬನೇ ಅವಳ ಜೊತೆ ಗಟ್ಟಿಮುಟ್ಟಾದವಳ ಜೊತೆ ಆಡುವಂತೆ ಜಗಳವಾಡುತ್ತಿದ್ದ. ಅವನನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಅವನು ಬಾರದ ದಿನ ಲ್ಯಾಬು ಬಿಕೋ ಎನ್ನುತ್ತಿತ್ತು.

ಶುಕ್ರವಾರದ ಮೀಟಿಂಗಿನಲ್ಲಿ ಗುಮ್ಮ ಗೋಡೆಯ ಮೇಲೆ ಒಂದು ಗ್ರಾಫು ತೋರಿಸಿದ. ಚಿಕ್ಕಂದಿನಲ್ಲಿ ಕಿಡ್ನಿ ಕ್ಯಾನ್ಸರ್ ಆಗಿ, ಗುಣವಾಗಿ, ಈಗ ದೊಡ್ಡವರಾದ ಐವತ್ತು ಜನರ ಮೂತ್ರದಲ್ಲಿ ಅವನೊಂದು ಪ್ರೋಟೀನು ಅಳೆದಿದ್ದ. ಹೋಲಿಸಿ ನೋಡಲು ಆರೋಗ್ಯವಂತರು ಬೇಕಿತ್ತು. ಅದಕ್ಕಾಗಿ ಮೂರು ವಾರದ ಹಿಂದೆ ಲ್ಯಾಬಿನ ಏಳು ಜನರೂ ಒಂದೊಂದು ಟ್ಯೂಬು ಕೊಟ್ಟಿದ್ದರು. ಯಾರದು ಯಾವ ನಂಬರು ಎಂಬ ಪಟ್ಟಿ ಮುಖ್ಯಸ್ಥೆಯ, ಅಂದರೆ ದೊಡ್ಡ ಮೇಡಂ ಅವರ, ಬೀಗ ಹಾಕಿದ ಡ್ರಾಯರಿನಲ್ಲಿತ್ತು. ಅವತ್ತು ಕೊಟ್ಟ ಫಾರಮ್ಮಿನಲ್ಲಿ ಒಂದು ಪ್ರಶ್ನೆ: ಎಂದಾದರೂ ಕಿಡ್ನಿಯ ಕಾಯಿಲೆ, ಆಪರೇಷನ್, ಕ್ಯಾನ್ಸರ್? ಅವಳ ಪೆನ್ನು ಅಲ್ಲಿ ನಿಂತದ್ದೇ ತಡ, ಹೆಗಲ ಹಿಂದಿನಿಂದ ಗುಮ್ಮ, "ಅಷ್ಟೊಂದು ಯೋಚನೆ ಮಾಡೋ ಪ್ರಶ್ನೆನಾ ಅದು?" ಎಂದಿದ್ದ. ಅವಳು ಹಟಕ್ಕೆ ಬಿದ್ದು 'ಇಲ್ಲ' ಎಂದು ಟಿಕ್ ಹಾಕಿಬಿಟ್ಟಿದ್ದಳು. ಸಂಶೋಧನೆ ಮಾಡುವವಳು ಮಾಡಬಾರದ ಕೆಲಸ.

"ಆರೋಗ್ಯವಂತರ ಆರು ಚುಕ್ಕೆ ಕೆಳಗಿದೆ. ಏಳನೆಯದು ಹೋಗಿ ಕಾಯಿಲೆ ಆಗಿದ್ದವರ ಜೊತೆ ಮೇಲೆ ಕೂತಿದೆ," ಎಂದ ಗುಮ್ಮ. "ಅರ್ಥ ಒಂದೇ. ಯಾರೋ ರ್‍ಯಾಕ್ ಸರಿಸುವಾಗ ಲೇಬಲ್ ಉದುರಿದೆ, ತೋಚಿದ ಟ್ಯೂಬಿಗೆ ಅಂಟಿಸಿದ್ದಾರೆ."

ಯಾರೋ ಎನ್ನುವಾಗ ಅವನು ಅವಳನ್ನೇ ನೋಡಿದ.

"ಒಂದು ಲೇಬಲ್ಲೂ ಉದುರಿಲ್ಲ," ಎಂದಳು.

"ಹಾಗಾದ್ರೆ ಏಳನೇ ಟ್ಯೂಬಿಗೆ ಕಾಲು ಬಂತಾ? ಒಂದು ಅದಲುಬದಲಾಗಿದ್ರೆ ಯಾವುದನ್ನೂ ನಂಬೋ ಹಾಗಿಲ್ಲ. ಅಷ್ಟೂ ಎಸೀಬೇಕು. ಆ ಜನ ಎಲ್ಲೆಲ್ಲಿಂದಲೋ ಬಂದು ಕೊಟ್ಟದ್ದು, ಗೊತ್ತೇನ್ರೀ ನಿಮಗೆ? ನಿಮ್ಮ ಜೊಲ್ಲಿನ ಥರ ಮೈದಾನದಲ್ಲಿ ಸಿಕ್ಕಿದ್ದಲ್ಲ!"

ಕಣ್ಣು ಮುಚ್ಚಿ ಕೇಳುತ್ತಿದ್ದ ದೊಡ್ಡ ಮೇಡಂ ಒಂದೇ ಒಂದು ಕಣ್ಣು ತೆರೆದು ಅವಳನ್ನು ನೋಡಿ, ಮತ್ತೆ ಮುಚ್ಚಿದರು.

ಮೀಟಿಂಗ್ ಮುಗಿದ ಹತ್ತು ನಿಮಿಷಕ್ಕೆ ಅವನು ರ್‍ಯಾಕ್ ತಂದು ಹಳದಿ ಕಸದ ಡಬ್ಬಿಯ ಮುಚ್ಚಳ ತೆಗೆದ. ಬಾಯಿ ಮುಚ್ಚಿಕೊಂಡಿದ್ದರೆ ಅವನ ಕೆಲಸ ಮಣ್ಣುಪಾಲು. ಬಾಯಿಬಿಟ್ಟರೆ ಆ ಜಗಳಗಂಟ ಮನುಷ್ಯನೂ ನಾಳೆಯಿಂದ ತಲೆ ಸವರುವವರ ಸಾಲಿಗೆ ಸೇರುತ್ತಾನೆ.

"ಮುಚ್ಚಳ ಹಾಕಿ," ಎಂದಳು.

"ಯಾಕೆ, ಇದಕ್ಕೂ ನಿಮ್ಮ ಅಪ್ಪಣೆ ಬೇಕಾ?"

"ಏಳನೆಯದು ನಂದು."

"ಓಹೋ! ಓಡಿ ಬಂದು ಕೊಟ್ರಾ? ಓಡಿದ್ರೆ ಪ್ರೋಟೀನು ಏರುತ್ತೆ, ಹಿಂದಿನ ದಿನ ಓಡಬೇಡಿ ಅಂತ ಬರೆದಿತ್ತು. ಓದೋಕೆ ಬರಲ್ವಾ?"

"ಓಡಿರ್ಲಿಲ್ಲ. ನಂಗಿರೋದು ಒಂದೇ ಕಿಡ್ನಿ. ಇನ್ನೊಂದನ್ನ ನಾಲ್ಕನೇ ವಯಸ್ಸಲ್ಲಿ ತೆಗೆದ್ರು. ಯಾಕೆ ತೆಗೆದ್ರು ಅಂತ ನಿಮಗೆ ಬಿಡಿಸಿ ಹೇಳಬೇಕಾ? ನಿಮ್ಮ ಲೇಬಲ್ ಸರಿ ಇದೆ, ಗ್ರಾಫ್ ಸರಿ ಇದೆ. ನಾನು ಸುಳ್ಳು ಟಿಕ್ ಹಾಕಿದ್ರೂ ನಿಮ್ಮ ಪ್ರೋಟೀನು ನನ್ನನ್ನ ಹಿಡಿದುಹಾಕಿದೆ. ಬೈಯೋದಿದ್ರೆ ಈಗಲೇ ಬೈದುಬಿಡಿ."

ಅವನು ಬೈಯಲಿಲ್ಲ. ಮುಚ್ಚಳ ಮೆಲ್ಲಗೆ ಕೆಳಗಿಳಿಯಿತು. ಹುಬ್ಬಿನ ಗಂಟು ಸಡಿಲವಾಯಿತು, ಕಣ್ಣು ಒದ್ದೆಯಾಯಿತು, ನೋಟ ಜಾರಿ ನೆಲಕ್ಕೆ ಬಿತ್ತು. ಆ ಮುಖವನ್ನು ಅವಳು ಜೀವಮಾನವಿಡೀ ನೋಡಿದ್ದಳು. ಅಳು ಒತ್ತರಿಸಿ ಬಂದು, ಓಡಿ ಹೋಗಿ ಬಾತ್‌ರೂಮಿನ ಬಾಗಿಲು ಹಾಕಿಕೊಂಡಳು.

ಆಮೇಲಿನ ನಾಲ್ಕು ದಿನ ನರಕ. ಸೋಮವಾರ ಅವಳ ಐಸ್ ಬಕೆಟ್ಟನ್ನು ಅವನೇ ಎತ್ತಿ ತಂದುಕೊಟ್ಟ. ಮಂಗಳವಾರ "ಮೇಡಂ, ಕೂತ್ಕೊಳ್ಳಿ" ಎಂದು ಕುರ್ಚಿ ಎಳೆದ. ಮೇಡಂ! ಜೊಲ್ಲು ಎಲ್ಲಿಗೆ ಹೋಯಿತು? ಬುಧವಾರ ಅವಳು ಬೇಕೆಂದೇ ಅವನ ರ್‍ಯಾಕುಗಳನ್ನೆಲ್ಲ ಮೂರನೇ ಶೆಲ್ಫಿನಿಂದ ಕಿತ್ತು ಅತಿ ಕೆಳಗೆ ತುರುಕಿದಳು. ಅವನು ನೋಡಿ, "ಪರವಾಗಿಲ್ಲ, ನೀವೇ ಇಟ್ಕೊಳ್ಳಿ," ಎಂದ. ಅವನ ಬಾಯಿಯಿಂದ ಅಷ್ಟು ಕೆಟ್ಟ ಮಾತು ಅವಳು ಹಿಂದೆಂದೂ ಕೇಳಿರಲಿಲ್ಲ. ಗುರುವಾರ ಅವಳು ಅವನ ಕಡೆ ನೋಡುವುದನ್ನೇ ಬಿಟ್ಟಳು.

ಶುಕ್ರವಾರ ಅವಳ ಸರದಿ. ಓಟಗಾರರ ಎಂಜಲಿನ ಪ್ರೋಟೀನು ಕಠಿಣ ಅಭ್ಯಾಸದ ವಾರದಲ್ಲಿ ಇಳಿದದ್ದನ್ನೂ, ಮೂವರಲ್ಲಿ ಮಾತ್ರ ದಿಢೀರನೆ ಏರಿದ್ದನ್ನೂ ತೋರಿಸಿದಳು. ದನಿಯಲ್ಲಿ ಜೀವವಿರಲಿಲ್ಲ. ಕೊನೆಯ ಸ್ಲೈಡಿಗೆ ಬಂದಾಗ ಹಿಂದಿನ ಸಾಲಿನಲ್ಲಿ ಒಬ್ಬ ಕನ್ನಡಕ ತೆಗೆದು, ಕೋಟಿನ ತುದಿಯಲ್ಲಿ ಒರೆಸಿದ.

"ಆ ಮೂವರು ಟ್ಯೂಬಿಗೆ ಜೊಲ್ಲು ಬಿಡೋ ಮೊದಲು ಹಲ್ಲುಜ್ಜಿದ್ರಾ?"

"ಅದು..."

"ಒಸಡಿಂದ ಒಂದಿಷ್ಟು ರಕ್ತ ಸೇರಿದ್ರೆ ಪ್ರೋಟೀನು ಏರದೆ ಏನ್ಮಾಡುತ್ತೆ? ಪರೀಕ್ಷೆ ಮಾಡಿದ್ರಾ? ಇಲ್ಲ. ಕೇಳಿದ್ರಾ? ಇಲ್ಲ. ನಲವತ್ತು ಜನರ ಬಾಯಿಗೆ ಟ್ಯೂಬ್ ಹಿಡಿಯೋಕೆ ಪುರುಸೊತ್ತಿದೆ, ಒಂದು ಪ್ರಶ್ನೆ ಕೇಳೋಕಿಲ್ಲ. ಇದನ್ನ ನಾವು ನಂಬಬೇಕಾ, ಜೊಲ್ಲು ಮೇಡಂ?"

ಕೋಪಕ್ಕೆ ಅವಳ ಕಿವಿಯವರೆಗೂ ರಕ್ತ ಏರಿತು. ಅವನ ಪ್ರಶ್ನೆ ಸರಿಯಾಗಿತ್ತು, ಅದಕ್ಕೆ ಇನ್ನೂ ಕೋಪ. ಸಂತೋಷ ತಡೆಯಲಾಗದೆ ಕೆಳತುಟಿ ಕಚ್ಚಿಕೊಂಡಳು. ಅವನು ಕಣ್ಣು ತಗ್ಗಿಸಲಿಲ್ಲ.

ಮೀಟಿಂಗ್ ಮುಗಿದದ್ದೇ ಫ್ರೀಜರಿನ ಬಳಿ ಅವನನ್ನು ಅಡ್ಡಗಟ್ಟಿದಳು. "ಎಲ್ಲರ ಮುಂದೆ ನನ್ನ ಮಾನ ಕಳೆದ್ರಲ್ಲ?"

"ಕಳೆದೆ."

"ಮತ್ತೆ ನಾಲ್ಕು ದಿನ ಏನು ಗರ ಬಡಿದಿತ್ತು ನಿಮಗೆ?"

"ಹೆದರಿಬಿಟ್ಟಿದ್ದೆ." ಗುಮ್ಮ ಗೋಡೆಗೆ ಒರಗಿದ. "ದಿನಾ ಆ ಕಾಯಿಲೆ ನೋಡ್ತೀನಿ, ಹೆದರಿದವನಲ್ಲ. ಆದ್ರೆ ಅದು ನಿಮ್ಮನ್ನ ಮುಟ್ಟಿ ಹೋಗಿತ್ತು ಅಂದಾಗ ಕೈಕಾಲು ತಣ್ಣಗಾಯ್ತು. ನಿನ್ನೆ ವಾರ್ಡಲ್ಲಿ ಐದು ವರ್ಷದ ಹುಡುಗಿ, ಆಪರೇಷನ್ ಆಗಿ ಮೊದಲ ಸಲ ಮಂಚ ಇಳೀತಿದ್ಲು. ಹಿಡಿಯೋಕೆ ಹೋದೆ. ಕೈ ತಳ್ಳಿ, 'ಹೋಗೋ ಗುಮ್ಮ, ನಾನೇ ಇಳೀತೀನಿ' ಅಂದ್ಲು. ಥೇಟ್ ನಿಮ್ಮ ಮುಖ."

ಅವಳು ಅಡ್ಡಗಟ್ಟಿದ ಕೈ ಕೆಳಗಿಳಿಸಿದಳು.

"ಇದಕ್ಕೊಂದು ಸಹಿ ಹಾಕಿ," ಎಂದು ಜೇಬಿನಿಂದ ಕಾಗದ ತೆಗೆದ. "ಸುಳ್ಳು ಟಿಕ್ ಹಾಕಿದವರನ್ನ ಇಟ್ಕೊಳ್ಳೋಕಾಗಲ್ಲ. ಏಳನೇ ಟ್ಯೂಬನ್ನ ಸ್ಟಡಿಯಿಂದ ತೆಗೆದಿದ್ದೀನಿ."

ತೆಗೆದ ಪ್ರತಿ ಟ್ಯೂಬಿಗೂ ಕಾರಣ ಬರೆಯಲೇಬೇಕು. ಅವಳ ಕಣ್ಣು ಹೆದರಿಕೊಂಡೇ ಆ ಸಾಲಿಗೆ ಹೋಯಿತು. ಅವಳ ಕಾಯಿಲೆಯ ಒಂದು ಅಕ್ಷರವೂ ಅಲ್ಲಿರಲಿಲ್ಲ. ಅವನ ಗುಂಡನೆಯ ಬರವಣಿಗೆಯಲ್ಲಿ ಇಷ್ಟೇ ಇತ್ತು: 'ಈ ವ್ಯಕ್ತಿಯ ವಿಷಯದಲ್ಲಿ ಸಂಶೋಧಕ ನಿಷ್ಪಕ್ಷಪಾತಿಯಲ್ಲ.'

ಅವಳು ಎರಡು ಸಲ ಓದಿದಳು. ಗುಮ್ಮ ಸ್ವಚ್ಛವಾಗಿಯೇ ಇದ್ದ ಕನ್ನಡಕವನ್ನು ಮತ್ತೆ ಮತ್ತೆ ಒರೆಸುತ್ತಿದ್ದ.

"ದೊಡ್ಡ ಮೇಡಂ ಇದನ್ನ ನೋಡಿದ್ರಾ?"

"ಕೆಳಗೆ ಸಹಿ ಇದೆಯಲ್ಲ."

"ಏನಂದ್ರು?"

"ಅವಳ ಪರವಾಗಿಯೋ ವಿರುದ್ಧವಾಗಿಯೋ ಅಂತ ಕೇಳಿದ್ರು."

"ನೀವೇನಂದ್ರಿ?"

"ಎರಡೂ ಅಂದೆ."

ಅವಳು ಅವನ ಜೇಬಿನಿಂದಲೇ ಪೆನ್ನು ಕಿತ್ತುಕೊಂಡು, ಫ್ರೀಜರಿನ ಬಾಗಿಲ ಮೇಲೆ ಕಾಗದವಿಟ್ಟು ಸಹಿ ಹಾಕಿದಳು. ಪಕ್ಕದಲ್ಲಿ 'ಸ್ಯಾಂಪಲ್ ಕೊಟ್ಟವರ ಅಭಿಪ್ರಾಯ' ಎಂಬ ಖಾಲಿ ಜಾಗವಿತ್ತು. 'ನಾನೂ ಅಷ್ಟೇ' ಎಂದು ಬರೆದು ಅವನ ಕೈಗಿತ್ತಳು.

ಅವನು ಓದಿದ. ತಲೆ ಎತ್ತಿ ನೋಡಿದ ನೋಟದಲ್ಲಿ ಕರುಣೆ ಇರಲಿಲ್ಲ. ಬೇರೆ ಎಲ್ಲವೂ ಇತ್ತು.

"ಎಂಥಾ ಕಾಗೆ ಕಾಲು ಅಕ್ಷರ," ಎಂದ. "ಮೂರನೇ ಶೆಲ್ಫ್ ವಾಪಸ್ ಕೊಡಿ."

"ಕನಸು ಕಾಣಿ. ನೀವೇ ಬಿಟ್ಟುಕೊಟ್ಟದ್ದು."

"ಅದು ತಲೆ ಕೆಟ್ಟಾಗ ಹೇಳಿದ್ದು!"

ಅವನು ಒಂದು ಹೆಜ್ಜೆ ಮುಂದೆ ಬಂದ. ಅವಳು ಜಾಗ ಬಿಡಲಿಲ್ಲ. ಈ ಸಲ ಫ್ರೀಜರಿನ ಬಾಗಿಲು ಮುಚ್ಚಿಯೇ ಇತ್ತು, ಜಗಳ ನಿಲ್ಲಿಸಲು ಕೂಗುವವರು ಯಾರೂ ಇರಲಿಲ್ಲ.