ಗುಳ್ಳೆ ಬಿಡದ ಉಸಿರು

2014ರ ಫೆಬ್ರವರಿ 19, ಬುಧವಾರ. ಸಿಬ್ಬಂದಿಯಲ್ಲಿ ಅರ್ಧಕ್ಕರ್ಧ ಜನ ಶಿವಜಯಂತಿ ಮೆರವಣಿಗೆಯ ಬಂದೋಬಸ್ತಿಗೆ ಹೋಗಿದ್ದರಿಂದ ನಾಸಿಕ್ ರೋಡ್ ಬಳಿಯ ಆ ಠಾಣೆ ಬಿಕೋ ಎನ್ನುತ್ತಿತ್ತು. ಬೆಳಿಗ್ಗೆ 11.40ಕ್ಕೆ ವಸುಧಾ ನಾಡಗೌಡ ಒಳಗೆ ಬಂದು, ಸಹಾಯಕ ಇನ್‌ಸ್ಪೆಕ್ಟರ್ ಅಲಕಾ ಬಿರಾಜದಾರರ ಮೇಜಿನ ಮೇಲೆ ಕೈಬರಹದ ಎರಡು ಹಾಳೆ ಇಟ್ಟರು. ಕನ್ನಡದಲ್ಲಿ ಬರೆದಿದ್ದರು. ಅಲಕಾ ಅಕ್ಕಲಕೋಟೆ ಕಡೆಯವರು, ಕನ್ನಡ ಬಲ್ಲವರೆಂದು ಯಾರೋ ಹೇಳಿದ್ದರಂತೆ.

ವಸುಧಾ ಅವರ ಗಂಡ ಉತ್ಕರ್ಷ, ಮೂವತ್ನಾಲ್ಕು ವರ್ಷ, ಧಾರವಾಡದಿಂದ ವರ್ಗವಾಗಿ ಬಂದಿದ್ದ ಬ್ಯಾಂಕ್ ಅಧಿಕಾರಿ. ಮೂರು ದಿನದ ಹಿಂದೆ, ಭಾನುವಾರ, ಊರಾಚೆ ನೀರು ತುಂಬಿದ ಹಳೆಯ ಕಲ್ಲುಗಣಿಯಲ್ಲಿ ಸ್ಕೂಬಾ ಡೈವಿಂಗ್‌ಗೆ ಇಳಿದು ಸತ್ತಿದ್ದರು. ಮರಣೋತ್ತರ ವರದಿ ಮುಳುಗಿ ಸಾವು ಎಂದಿತ್ತು. ಆಕಸ್ಮಿಕ ಸಾವೆಂದು ದಾಖಲಿಸಿಕೊಂಡವರು ಅಲಕಾ ಅವರೇ.

"ನಮ್ಮವರು ಗಾಬರಿಯಾಗಿ ಮುಳುಗಿದ್ರು ಅಂತ ಬರದೀರಿ. ಯಾರು ಹೇಳಿದ್ರು ನಿಮಗ?"

"ಜೋಡಿ ಇಳಿದಿದ್ದ ತರಬೇತುದಾರ. ಶಾಂತಕುಮಾರ ಹೊಸಮನಿ."

"ಅವರು ಗಾಬರಿ ಬೀಳೋ ಮನಶ್ಯಾ ಅಲ್ರಿ. ಹಿಂದಿನ ರವಿವಾರನೂ ಅದ ಉಸಿರಾಟದ ಮಷಿನ್ ಹಾಕ್ಕೊಂಡು ಇಳದಿದ್ರು. ಮನೀಗೆ ಬಂದು ತಲಿ ಸಿಡೀತದ ಅಂತ ಸಂಜೀತನಕಾ ಮಲಗಿದ್ರು. ವಾಂತಿ ಆತು. ಫೋನ್ ಮಾಡಿ ಆ ಹೊಸಮನಿಗೆ ಹೇಳಿದ್ದೂ ನಾನ ಕೇಳೀನಿ."

"ಅಂವ ಏನಂದ?"

"ರೂಢಿ ಆಗ್ತದ ಅಂದನಂತ."

ಅಲಕಾ ಕಡತ ತೆರೆದರು. ಭಾನುವಾರ ಗಣಿಯ ದಂಡೆಯ ಮೇಲೆ, ಸಲಕರಣೆ ತಾನೇ ಜೋಪಾನ ಮಾಡುತ್ತೇನೆ ಎಂದು ಶಾಂತಕುಮಾರ ಮುಚ್ಚಳಿಕೆ ಬರೆದುಕೊಟ್ಟಿದ್ದ. ಅದನ್ನು ಒಪ್ಪಿ ಯಂತ್ರವನ್ನು ಅವನ ಕೈಗೇ ಒಪ್ಪಿಸಿದ ಕಾಗದದ ಮೇಲಿದ್ದುದು ಅಲಕಾ ಅವರದೇ ಸಹಿ. ಯಂತ್ರವೇನೆಂದು ತಿಳಿಯದೆ ಹಾಕಿದ ಸಹಿ.

ಮಧ್ಯಾಹ್ನ 12.50ಕ್ಕೆ ಎಫ್‌ಐಆರ್ ಆಯಿತು. ಸದ್ಯಕ್ಕೆ 304ಎ, ನಿರ್ಲಕ್ಷ್ಯದಿಂದ ಸಾವು.

ಗುರುವಾರ ಅಲಕಾ ಹೇಳಿಕೆ ಪಡೆಯಲು ಹೋದದ್ದು ನೀರಜಾ ಎಂಬ ಡೈವಿಂಗ್ ಶಿಕ್ಷಕಿಯ ಮನೆಗೆ. ಹದಿನೆಂಟು ವರ್ಷ ನೀರಿನಡಿಯಲ್ಲಿ ಕೆಲಸ ಮಾಡಿದಾಕೆ. ಈ ಯಂತ್ರ ಸಾದಾ ಜನಕ್ಕಲ್ಲ ಎಂದು ಶಾಂತಕುಮಾರನ ಜೊತೆ ಜಗಳವಾಡಿ ಅವನ ಕ್ಲಬ್ ಬಿಟ್ಟಿದ್ದಳು. ಮರಾಠಿಯಲ್ಲಿ ನಿಧಾನವಾಗಿ ವಿವರಿಸಿದಳು.

"ಸಾದಾ ಸಿಲಿಂಡರ್‌ನಲ್ಲಿ ನಾವು ಬಿಟ್ಟ ಉಸಿರು ಗುಳ್ಳೆಯಾಗಿ ಮೇಲೆ ಹೋಗುತ್ತದೆ. ಶಾಂತಕುಮಾರನ ಈ ರೀಬ್ರೀದರ್ ಯಂತ್ರದಲ್ಲಿ ಅದು ಹೊರಗೆ ಹೋಗುವುದೇ ಇಲ್ಲ. ಒಳಗೊಂದು ಪಾತ್ರೆಯಲ್ಲಿ ಸೋಡಾ ಲೈಮ್ ಹರಳು ಇರುತ್ತವೆ. ಅವು ಉಸಿರಿನ ವಿಷಗಾಳಿ ಹೀರುತ್ತವೆ, ಯಂತ್ರ ಆಮ್ಲಜನಕ ಬೆರೆಸುತ್ತದೆ, ಅದೇ ಗಾಳಿ ಮತ್ತೆ ಬಾಯಿಗೆ ಬರುತ್ತದೆ."

"ಹರಳು ಹಳೆಯದಾದರೆ?"

"ವಿಷಗಾಳಿ ಉಳಿಯುತ್ತದೆ. ಮೊದಲು ತಲೆನೋವು. ಆಮೇಲೆ ಏದುಸಿರು, ಗಲಿಬಿಲಿ. ಆಮೇಲೆ ಎಚ್ಚರ ತಪ್ಪುತ್ತದೆ."

"ಮುಂದೆ ಎಲ್ಲರೂ ಇದನ್ನೇ ಹಾಕಿಕೊಂಡು ಇಳಿಯುವ ದಿನ ಬರುತ್ತದೆಯೇ?"

"ಶಾಂತಕುಮಾರ ಬರುತ್ತದೆ ಅನ್ನುತ್ತಿದ್ದ. ಬರಬಹುದು, ಯಂತ್ರಗಳು ಸುಧಾರಿಸುತ್ತಿವೆ. ಆದರೆ ರಜೆಗೆ ಬಂದವನು ಪ್ರತಿ ಸಲ ಕೂತು ಒಂದೊಂದೂ ತಪಾಸಣೆ ಮಾಡುತ್ತಾನೆಯೇ? ಸಾದಾ ಸಿಲಿಂಡರ್ ಕೆಟ್ಟರೆ ಉಸಿರು ಬರುವುದಿಲ್ಲ, ಕೂಡಲೇ ಗೊತ್ತಾಗುತ್ತದೆ. ಇದು ಕೆಟ್ಟರೂ ಉಸಿರು ಬರುತ್ತಲೇ ಇರುತ್ತದೆ."

ಅಲಕಾ ಏಳುವಾಗ ಆಕೆ ಇನ್ನೊಂದು ಮಾತು ಸೇರಿಸಿದಳು. ಅರ್ಧ ಗಂಟೆ ಉಸಿರು ಹಾದ ಹರಳು ಮುಚ್ಚಿದ ಪಾತ್ರೆಯಲ್ಲಿ ದಿನಗಟ್ಟಲೆ ಹಸಿಯಾಗಿಯೇ ಇರುತ್ತದೆ.

ಫೆಬ್ರವರಿ 21, ಶುಕ್ರವಾರ. ನಸುಕಿನಲ್ಲೇ ಹೊರಟ ಜೀಪು ಒಂಬತ್ತೂವರೆಗೆ ಔರಂಗಾಬಾದ್ ಹೊರವಲಯದ ವಾಳೂಜ್ ತಲುಪಿತು. ಶಾಂತಕುಮಾರ ಅಲ್ಲಿ ಒಂದು ಕಾರ್ಖಾನೆಯ ಟೂಲ್‌ರೂಮಿನಲ್ಲಿ ಫಿಟ್ಟರ್; ಭಾನುವಾರ ಮಾತ್ರ ನಾಸಿಕ್‌ಗೆ ಬಂದು ಡೈವಿಂಗ್ ಕಲಿಸುತ್ತಿದ್ದ. ಮನೆಯ ಹಿಂದೆ ತಗಡಿನ ಶೆಡ್ಡು. ಬಾಗಿಲಲ್ಲಿ ಅವನ ತಂದೆ ರಾಚಪ್ಪ ನಿಂತಿದ್ದರು. ವಿಜಾಪುರ ಕಡೆಯಿಂದ ಬಂದು, ಇಲ್ಲಿನ ಕಾರ್ಖಾನೆಗಳ ಗೋಡೆಗೆ ಇಟ್ಟಿಗೆ ಹೊತ್ತವರು.

"ಅರ್ಧಾ ಮಷಿನ್ ಅಂವ ಕೈಲೆ ಮಾಡ್ಯಾನ್ರಿ, ಬಾಯಾರ," ಎಂದರು. ದನಿಯಲ್ಲಿ ಹೆಮ್ಮೆಯಿತ್ತು.

ಇಬ್ಬರು ಪಂಚರ ಎದುರು ಕಾನ್‌ಸ್ಟೆಬಲ್ ಮಾಳಪ್ಪ ಪಂಚನಾಮೆ ಬರೆಯತೊಡಗಿದ. ಉತ್ಕರ್ಷ ಹಾಕಿಕೊಂಡಿದ್ದ ಯಂತ್ರದ ಪಾತ್ರೆಯನ್ನು ಅಲಕಾ ಶಾಂತಕುಮಾರನಿಂದಲೇ ಬಿಚ್ಚಿಸಿದರು. ಹರಳುಗಳು ಅಕ್ಕಿಯ ಹಾಗೆ ಸರಸರ ಸುರಿದವು. ಒಣಒಣ, ಬೆಳ್ಳಗೆ, ಉಸಿರಿನ ತೇವವೇ ತಾಕದ ಹಾಗೆ.

"ಯಾವಾಗ ತುಂಬಿದ್ರಿ ಇದನ್ನ?"

"ರವಿವಾರ ಮುಂಜಾನೆ ರಿ," ಎಂದ ಶಾಂತಕುಮಾರ, ಪಕ್ಕದಲ್ಲಿದ್ದ ಹರಳಿನ ಡಬ್ಬಿ ತೋರಿಸಿ. "ಈ ಡಬ್ಬಿಯಾಗಿಂದನ. ಹೊಸಾದು."

"ಬ್ಯಾರೆ ಡಬ್ಬಿ?"

"ಇಲ್ರಿ. ಇದೊಂದ."

ಡಬ್ಬಿ ಬಂದ ರಟ್ಟಿನ ಪೆಟ್ಟಿಗೆ ಮೂಲೆಯಲ್ಲಿತ್ತು. ಕೊರಿಯರ್ ಚೀಟಿ ಹರಿದಿದ್ದರೂ ನಂಬರು ಉಳಿದಿತ್ತು. ಮಾಳಪ್ಪ ಅದನ್ನು ಹಿಡಿದು ಕೊರಿಯರ್ ಕಚೇರಿಗೆ ಹೋದ. ಒಂದು ತಾಸಿನಲ್ಲಿ ರಿಜಿಸ್ಟರಿನ ನಕಲು ತಂದ. ಡಬ್ಬಿ ತಲುಪಿದ್ದು ಫೆಬ್ರವರಿ 17, ಸೋಮವಾರ, ಸಂಜೆ 4.10ಕ್ಕೆ. ಉತ್ಕರ್ಷ ಸತ್ತ ಮರುದಿನ. ಪಡೆದುಕೊಂಡವರ ಜಾಗದಲ್ಲಿ ವಕ್ರಾಕ್ಷರದ ಸಹಿ: ರಾಚಪ್ಪ.

ಅಲಕಾ ನಕಲನ್ನು ಶಾಂತಕುಮಾರನ ಮುಂದೆ ಹಿಡಿದರು. ಅವನು ಓದಿದ. ತಂದೆಯ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದ.

"ರವಿವಾರ ಅದರಾಗ ಏನಿತ್ತು?"

"ಹಳೇದ ಇತ್ರಿ. ಮೂರು ಸಲ ಇಳಿದದ್ದು."

"ನಿಮ್ಮ ಮಷಿನ್ನಿನಾಗ?"

"ನಂದರಾಗೂ ಅದ. ನನಗೂ ತಲಿ ಸಿಡೀತಿತ್ತು. ತಡಕೊಂಡೆ. ಅವರೂ ತಡಕೋತಾರ ಅನಕೊಂಡೆ."

"ಹೊಸಾದು ಬರೂತನಕಾ ಮುಂದಕ್ಕ ಹಾಕಬೇಕಿತ್ತು."

"ಮುಂಬೈಯಿಂದ ನಾಕು ಮಂದಿ ಮಷಿನ್ ನೋಡಾಕ ಬಂದಿದ್ರು. ಸಾದಾ ಮಂದಿ ಒಂದ ದಿನದಾಗ ಇದನ್ನ ಕಲೀತಾರ ಅಂತ ಅವರಿಗೆ ಹೇಳಿದ್ದೆ. ಅವತ್ತು ನಿಲ್ಲಿಸಿದ್ರ ನೀರಜಾ ಮೇಡಂ ಮಾತ ಖರೇ ಆಗ್ತಿತ್ತು."

"ಆಮ್ಯಾಲ ಹರಳು ಯಾಕ ಬದಲಿಸಿದ್ರಿ?"

"ಮಷಿನ್ನಿಗೆ ಕೆಟ್ಟ ಹೆಸರು ಬರಬಾರದಂತ."

"ಅದಕ್ಕ ಸತ್ತವರು ಗಾಬರಿ ಬಿದ್ರು ಅಂತ ಬರಸಿದ್ರಿ."

ಅವನು ಸುರಿದಿಟ್ಟ ಹರಳಿನ ಗುಡ್ಡೆಯನ್ನೇ ನೋಡುತ್ತ ನಿಂತ.

ಮಧ್ಯಾಹ್ನ 2.35ಕ್ಕೆ ಬಂಧನ. ತಲೆನೋವಿನ ವಿಷಯ ಒಂದು ವಾರ ಮೊದಲೇ ಗೊತ್ತಿದ್ದರಿಂದ ಸಾವು ಬರಬಹುದೆಂದು ತಿಳಿದೂ ಮಾಡಿದ ಕೃತ್ಯಕ್ಕೆ 304ರ ಎರಡನೇ ಭಾಗ, ಸಾಕ್ಷ್ಯ ಅಳಿಸಿದ್ದಕ್ಕೆ 201 ಸೇರಿದವು. ಜೀಪಿನ ಹತ್ತಿರ ರಾಚಪ್ಪ ಅಡ್ಡ ಬಂದರು. "ನಾ ಆ ಕಾಗದಕ್ಕ ಸಹಿ ಮಾಡಿದ್ದಕ್ಕ ಹಿಂಗಾತೇನ್ರಿ?"

"ಇಲ್ರಿ ಅಪ್ಪಾರ. ನಿಮ್ಮದೇನೂ ತಪ್ಪಿಲ್ಲ," ಎಂದರು ಅಲಕಾ. ಮುದುಕ ನಂಬಿದಂತೆ ಕಾಣಲಿಲ್ಲ.

ದಾರಿಯಲ್ಲಿ ಶಾಂತಕುಮಾರ ತಾನಾಗಿಯೇ ಮಾತಾಡಿದ. ಹರೆಯದಲ್ಲಿ ಗೋವಾದ ದೋಣಿಯೊಂದರಲ್ಲಿ ಪ್ರವಾಸಿಗರ ಸಿಲಿಂಡರ್ ಹೊರುತ್ತಿದ್ದನಂತೆ. ಒಂದು ದಿನ ವಿದೇಶಿಯೊಬ್ಬ ಗುಳ್ಳೆಯಿಲ್ಲದೆ, ಸದ್ದಿಲ್ಲದೆ ಮೀನುಗಳ ನಡುವೆ ತೇಲುತ್ತಿದ್ದುದನ್ನು ಕಂಡ. ಯಂತ್ರ ಮುಟ್ಟಲು ಹೋದವನನ್ನು ದೋಣಿಯವರು ಗದರಿಸಿ ನಕ್ಕರು. ಅಂಥದ್ದನ್ನು ಕೂಲಿಯವನ ಮಗನೂ ಹಾಕಿಕೊಳ್ಳಬೇಕು, ಸೈಕಲ್ ಕಲಿತಂತೆ ಎಲ್ಲರೂ ಕಲಿಯಬೇಕು ಎಂದು ಹನ್ನೆರಡು ವರ್ಷ ಅದರ ಬೆನ್ನು ಬಿದ್ದಿದ್ದ. ಅಲಕಾ ಇದನ್ನೆಲ್ಲ ಅವನ ಮಾತಿನಲ್ಲೇ ಕೇಸ್ ಡೈರಿಗೆ ಇಳಿಸಿದರು.

ಸಂಜೆ ಠಾಣೆಯಿಂದ ವಸುಧಾ ಅವರಿಗೆ ಫೋನ್ ಮಾಡಿದರು. "ಗಾಬರಿ ಅನ್ನೋ ಮಾತು ಕೋರ್ಟಿಗೆ ಹೋಗೋ ವರದಿಯೊಳಗ ಇರೂದಿಲ್ರಿ."

"ಹೂಂ ರಿ," ಎಂದು ವಸುಧಾ ಫೋನ್ ಇಟ್ಟರು.

ಅಲಕಾ ಇನ್ನೊಂದು ಹಾಳೆ ತೆಗೆದುಕೊಂಡು, ಹದಿನಾರರಂದು ಯಂತ್ರ ಒಪ್ಪಿಸಿದ ಕಾಗದಕ್ಕೆ ತಾವು ಮಾಡಿದ ಸಹಿಯ ಬಗ್ಗೆ ಮೇಲಧಿಕಾರಿಗೆ ಬರೆಯತೊಡಗಿದರು.