ಸಂತತಿ ಸಮೇತ

ಕೆಂಪಸಿದ್ದಯ್ಯ ಮೇಷ್ಟ್ರು ಸಿದ್ದರಾಜುವನ್ನು ನೋಡಿ ನಕ್ಕಿದ್ದು ಒಂದೇ ಒಂದು ಸಲ. ಒಂಬತ್ತು ವರ್ಷ ಕಳೆದರೂ ಸಿದ್ದರಾಜುವಿಗೆ ಅದು ನಿನ್ನೆ ಸಂಜೆ ನಕ್ಕ ಹಾಗೆ ಕೇಳಿಸುತ್ತಿತ್ತು.

ಸಿದ್ದರಾಜು ಮದ್ದೂರಿನಲ್ಲಿ ನೋಂದಣಿ ಕಚೇರಿ ಎದುರು ಮೇಜು ಹಾಕಿಕೊಂಡು ಕೂರುವ ಪತ್ರ ಬರಹಗಾರ. ಮೇಷ್ಟ್ರು ಮಳವಳ್ಳಿಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುತ್ತಿದ್ದವರು. ಅವರು ಮದ್ದೂರಿನಲ್ಲಿ ಒಂದು ಸೈಟು ಕೊಂಡಾಗ ಕ್ರಯಪತ್ರ ಬರೆದವನು ಸಿದ್ದರಾಜುವೇ. ಕರಡು ಓದಿ ಹೇಳಲು ಅವರ ಮನೆಗೆ ಹೋದ ದಿನ ನಡುಮನೆಯಲ್ಲಿ ಐದಡಿ ಉದ್ದದ ಗಾಜಿನ ತೊಟ್ಟಿ ಕಂಡಿತು. ಮೇಲೆ ನೀಲಿ ದೀಪ, ಒಳಗೆ ಕಿತ್ತಳೆ ಬಣ್ಣದ ಪಟ್ಟೆ ಮೀನು, ಗಾಳಿಯೇ ಇಲ್ಲದೆ ಓಲಾಡುವ ಹೂವಿನಂಥ ಏನೋ. ಇದು ಉಪ್ಪುನೀರಿನ ತೊಟ್ಟಿ, ಎಲ್ಲ ಕಡಲಿನವು ಎಂದರು ಮೇಷ್ಟ್ರು. ಸಿದ್ದರಾಜು ಗೌರವದಿಂದಲೇ ಕೇಳಿದ್ದ: “ಸಾ, ಇದುಕ್ಕೆ ಕಲ್ಲುಪ್ಪು ಆಕ್ತೀರೋ, ಪುಡಿ ಉಪ್ಪೋ?”

ಮೇಷ್ಟ್ರು ನಕ್ಕರು. “ಅದನ್ನಾಕಿದ್ರೆ ಮೀನ್ ಸಾರಾಯ್ತದೆ ಸಿದ್ದರಾಜು,” ಅಂದರು. ಅಲ್ಲಿ ಕೂತಿದ್ದ ಇನ್ನಿಬ್ಬರು ಮೇಷ್ಟ್ರುಗಳೂ ನಕ್ಕರು. ಆಮೇಲೆ ಅವನಿಗೆ ಕಾಫಿ ಕೊಟ್ಟು, ಕಡಲುಪ್ಪು ಯಾವುದು, ನೀರಿಗೆ ಎಷ್ಟು, ಅಳೆಯುವುದು ಹೇಗೆ ಎಂದು ಕಾಲು ಗಂಟೆ ವಿವರಿಸಿದರು. ಅದು ನಗುವಿಗಿಂತ ದೊಡ್ಡ ಅವಮಾನ. ಮೂರು ತಲೆಮಾರಿನಿಂದ ನಾಲೆ ಬಯಲಿನಲ್ಲಿ ಗದ್ದೆ ಇಟ್ಟುಕೊಂಡ ಮನೆಯವನಿಗೆ ಈ ಕೆಂಪಸಿದ್ದಯ್ಯ ಉಪ್ಪಿನ ಪಾಠ ಹೇಳುವುದೇ?

ಈ ವರ್ಷ ಮೇಷ್ಟ್ರು ತೀರಿಕೊಂಡರು. ಸಿದ್ದರಾಜು ಮಣ್ಣಿಗೆ ಹೋಗಿ, ಮುಖ ಸಣ್ಣ ಮಾಡಿಕೊಂಡು ನಿಂತು ಬಂದ. ಎರಡು ತಿಂಗಳ ಮೇಲೆ ಅವನ ವಾಟ್ಸಾಪಿಗೆ ಯಾರೋ ಒಂದು ಫೋಟೊ ಕಳಿಸಿದರು. ಅದೇ ತೊಟ್ಟಿ. ಉಪ್ಪುನೀರಿನ ಅಕ್ವೇರಿಯಂ, ಪೂರ್ತಿ ಸೆಟ್ಟು, ಮಾರಾಟಕ್ಕಿದೆ, ಎಂಬತ್ತು ಸಾವಿರ.

ಸಿದ್ದರಾಜು ಆಗಷ್ಟೇ ಹೊಸ ಮನೆ ಕಟ್ಟಿಸಿದ್ದ. ಹಾಲಿನ ಪಡುಗೋಡೆ ಬರಿದಾಗಿತ್ತು. ಅಲ್ಲಿ ಏನಿಡಬೇಕೆಂದು ಹೆಂಡತಿ ರೂಪ ಕೇಳಿದಾಗಲೆಲ್ಲ “ತಡಿ, ಬತ್ತದೆ” ಅನ್ನುತ್ತಿದ್ದ. ಈಗ ಬಂತು. ಕೊಳ್ಳುವುದೋ ಬೇಡವೋ ಎಂದು ಎರಡು ದಿನ ಬಹಳ ನ್ಯಾಯವಾಗಿ ಯೋಚಿಸಿದ. ಸೋಸುವ ಪಂಪು, ನೊರೆ ಎತ್ತುವ ಯಂತ್ರ, ನೀರು ತಂಪು ಮಾಡುವ ಯಂತ್ರ, ದೀಪ, ಎರಡು ಡಬ್ಬ ಕಡಲುಪ್ಪು, ಪಕ್ಕದ ಸಣ್ಣ ತೊಟ್ಟಿಯಲ್ಲಿ ನಾಲ್ಕು ಕಡಲ ಕುದುರೆ. ಹೊಸದು ಕೊಂಡರೆ ಎರಡೂವರೆ ಲಕ್ಷ ಎಂದು ಫೋನು ಹೇಳಿತು.

“ತಿನ್ನಕ್ಕಾಗ್ದಿರೋ ಮೀನ್ಗೆ ಎಂಬತ್ತು ಸಾವ್ರನಾ?” ಅಂದಳು ರೂಪ. “ನಿಮ್ಗೇನ್ ಬಂದಿರಾದು?”

ಹೆಂಡತಿಯ ಮಾತಿನಲ್ಲಿ ಸತ್ಯವಿದೆ ಎಂದು ಮೊದಲ ಬಾರಿಗೆ ಸಿದ್ದರಾಜುವಿಗೆ ಅನಿಸಿತು. ಅಷ್ಟು ದುಡ್ಡು ಕೊಟ್ಟು ಕೊಳ್ಳುವುದು ಮೂರ್ಖತನ. ಕೊಳ್ಳದೇ ಬಿಡುವುದೂ ಮೂರ್ಖತನ. ಕಾಗದ ಬರೆಯಲು ಬರುವವನಿಗೆ ಇವೆರಡರ ನಡುವೆ ಒಂದು ದಾರಿ ಇದ್ದೇ ಇರುತ್ತದೆ. ತನ್ನದೇ ವಸ್ತುವನ್ನು ಯಾರಾದರೂ ದುಡ್ಡು ಕೊಟ್ಟು ಕೊಳ್ಳುತ್ತಾರೆಯೇ?

ಹೀಗಾಗಿ ತೊಟ್ಟಿ ಮೊದಲಿನಿಂದಲೂ ಸಿದ್ದರಾಜುವಿನದೇ ಆಯಿತು. ಒಂಬತ್ತು ವರ್ಷದ ಹಿಂದೆ, ಮೇಷ್ಟ್ರ ಅಧ್ಯಯನಕ್ಕೆಂದು, ಬರೀ ವಿಶ್ವಾಸದ ಮೇಲೆ ಅವನು ಇಟ್ಟುಕೊಳ್ಳಲು ಕೊಟ್ಟಿದ್ದ. ಇನ್ನು ಅದನ್ನು ಬರೆದಿಡುವುದಷ್ಟೇ ಬಾಕಿ.

ಬೇರೆಯವರು ಇಂಥ ಕೆಲಸವನ್ನು ಆತುರದಲ್ಲಿ ಮಾಡಿ ಸಿಕ್ಕಿಬೀಳುವುದನ್ನು ಸಿದ್ದರಾಜು ಎಷ್ಟೋ ಸಲ ನೋಡಿದ್ದ. ಪೆದ್ದರು. ಹೊಸ ಹಾಳೆಯ ಮೇಲೆ ಹಳೆಯ ತಾರೀಖು ಹಾಕುತ್ತಾರೆ. ಅವನ ಬಳಿ ಆ ವರ್ಷದ್ದೇ ಡೆಮಿ ಹಾಳೆಯ ಕಟ್ಟೊಂದು ಉಳಿದಿತ್ತು. ಶಾಯಿಯೂ ಆಗಿನದೇ ಪೆನ್ನಿನದು. ಮೇಷ್ಟ್ರು ಆಗಿನ್ನೂ ನಿವೃತ್ತರಾಗಿರಲಿಲ್ಲ, ಹಾಗಾಗಿ ‘ಉಪನ್ಯಾಸಕರು’ ಎಂದೇ ಬರೆದ. ಅವರ ಬೀದಿಯ ಮನೆ ನಂಬರುಗಳು ನಡುವೆ ಬದಲಾಗಿದ್ದವು, ಹಳೆಯ ನಂಬರನ್ನೇ ಹಾಕಿದ. ಅವರ ಸಹಿಗೆ ಸೈಟಿನ ಪತ್ರದ ನಕಲು ಕಪಾಟಿನಲ್ಲೇ ಇತ್ತು. ನಾಲ್ಕು ದಿನ ಕೂತು ಅಭ್ಯಾಸ ಮಾಡಿದ. ಐದನೆಯ ದಿನ ಮೇಷ್ಟ್ರೇ ಎದ್ದು ಬಂದಿದ್ದರೂ ಇದು ನಂದಲ್ಲ ಅನ್ನಲಾರದ ಹಾಗೆ ಸಹಿ ಬಂತು.

ಸಾಕ್ಷಿಗಳ ಆಯ್ಕೆಯಲ್ಲಂತೂ ಅವನಿಗೆ ತನ್ನ ಬಗ್ಗೆ ತನಗೇ ಮೆಚ್ಚುಗೆಯಾಯಿತು. ಮಾದಯ್ಯ ಮತ್ತು ಚಿಕ್ಕಬೋರಯ್ಯ, ಇಬ್ಬರೂ ಬದುಕಿದ್ದಾಗ ಅವನ ಮೇಜಿನ ಪಕ್ಕದಲ್ಲೇ ಕೂತು, ಕರೆದವರಿಗೆಲ್ಲ ಸಾಕ್ಷಿ ಹಾಕುತ್ತಿದ್ದವರು. ಈಗ ಇಬ್ಬರೂ ಇಲ್ಲ. ಸತ್ತವರಷ್ಟು ನಂಬಿಕಸ್ಥ ಸಾಕ್ಷಿ ಬೇರೆ ಇಲ್ಲ. ವಕೀಲರು ಎಷ್ಟು ಕೆದಕಿದರೂ ಒಂದು ಮಾತು ಹೆಚ್ಚುಕಮ್ಮಿ ಆಡುವುದಿಲ್ಲ.

ಉಳಿದದ್ದು ಒಂದೇ ತೊಡಕು. ಇದೆಲ್ಲ ಸಿದ್ದರಾಜುವಿಗೆ ಎಲ್ಲಿಂದ ಬಂತು? ಅಂಗಡಿಯಲ್ಲಿ ಕೊಂಡೆ ಎಂದರೆ ರಸೀದಿ ಕೇಳುತ್ತಾರೆ, ಅಂಗಡಿಯವನನ್ನು ಕರೆಸುತ್ತಾರೆ. ಕಡಲು ಯಾರಿಗೂ ರಸೀದಿ ಕೊಡುವುದಿಲ್ಲ. ಅದಕ್ಕೆ ಬರೆದ: ‘ನಾನು ಖುದ್ದಾಗಿ ತೂತ್ತುಕುಡಿಯ ತೀರಕ್ಕೆ ಹೋಗಿ, ನನ್ನ ಸ್ವಂತ ಖರ್ಚಿನಲ್ಲಿ, ನೇರ ಕಡಲಿನಿಂದಲೇ ತಂದಂಥ ಈ ಕೆಳಕಂಡ ಜೀವಿಗಳು ಹಾಗೂ ಗಾಜಿನ ತೊಟ್ಟಿ ಮುಂತಾದ ಸಾಮಗ್ರಿ’. ಕೆಳಗೆ ಒಂದೊಂದಾಗಿ ಬಾಬ್ತು. ಮೀನು ಇಷ್ಟು, ಜೀವಂತ ಹವಳ ಇಷ್ಟು, ಕಡಲ ಕುದುರೆ ನಾಲ್ಕು. ಒಂಬತ್ತು ವರ್ಷ ಒಂದು ಕುದುರೆ ಬದುಕುತ್ತದೋ ಇಲ್ಲವೋ ಎಂಬ ಅನುಮಾನ ಬಂದು, ಹಸು ಎಮ್ಮೆಯ ಕರಾರಿನಲ್ಲಿ ಹಾಕುವ ಮಾತನ್ನೇ ಕೊನೆಯಲ್ಲಿ ಸೇರಿಸಿದ: ‘ಮುಂದೆ ಹುಟ್ಟುವ ಸಂತತಿ ಸಮೇತ’. ಬರೆದು ಮುಗಿಸಿ ಎರಡು ಸಲ ಓದಿಕೊಂಡ. ಇಪ್ಪತ್ತಾರು ವರ್ಷದಲ್ಲಿ ಇಷ್ಟು ಲಕ್ಷಣವಾದ ಪತ್ರವನ್ನು ಅವನು ನಿಜವಾದ ಗಿರಾಕಿಗೂ ಬರೆದುಕೊಟ್ಟಿರಲಿಲ್ಲ.

ಭಾನುವಾರ ಬೆಳಿಗ್ಗೆ ಮಳವಳ್ಳಿಗೆ ಹೋದ. ಮೇಷ್ಟ್ರ ಹೆಂಡತಿ ದೇವಿರಮ್ಮ ಬಾಗಿಲು ತೆಗೆದರು. ಗೋಡೆಯ ಮೇಲೆ ಬುದ್ಧನ ಪಟ, ಅದರ ಪಕ್ಕ ಮೇಷ್ಟ್ರ ಫೋಟೊ, ಕೆಳಗೆ ತೊಟ್ಟಿ. ಸಿದ್ದರಾಜು ಫೋಟೊಗೆ ಕೈ ಮುಗಿದು, ಮೂರು ಸಲ ಲೊಚಗುಟ್ಟಿ, ಬಹಳ ಸಂಕಟದಿಂದ ಎಂಬಂತೆ ಪತ್ರ ಹೊರಗೆ ತೆಗೆದ. ಅಳು, ಕೂಗಾಟ, ಊರಿಂದ ಬರುವ ಮೈದುನ, ವಕೀಲರ ನೋಟೀಸು, ಎಲ್ಲಕ್ಕೂ ಅವನು ಸಿದ್ಧವಾಗಿ ಬಂದಿದ್ದ.

ದೇವಿರಮ್ಮ ಕನ್ನಡಕ ಹಾಕಿಕೊಂಡು, ಒಂದು ಅಕ್ಷರವನ್ನೂ ಬಿಡದೆ ಓದಿದರು.

“ನಮ್ ಯಜಮಾನ್ರು ಒಂದಿನಾನೂ ಏಳ್ನಿಲ್ವಲ್ಲ,” ಅಂದರು.

“ಮರ್ತಿರ್ಬೇಕು ಕಣಕ್ಕ. ದೊಡ್ ಮನ್ಸ, ಯಾವಾಗ್ಲೂ ಓದೋದ್ರಲ್ಲೇ ಇರೋರು.”

“ಈ ಗಾಜು, ಮಿಸಿನು, ಎಲ್ಲ ನಿಮ್ದೇಯಾ?”

“ನಂದೇ ಕಣಕ್ಕ.”

“ಈ ಅವಳನೂ?” ದೇವಿರಮ್ಮ ತೊಟ್ಟಿಯೊಳಗಿನ ಹವಳದತ್ತ ಕೈ ತೋರಿದರು.

“ಅದೂವೆ.”

ದೇವಿರಮ್ಮ ಎದ್ದು ಸಣ್ಣ ತೊಟ್ಟಿಯ ಹತ್ತಿರ ಹೋದರು. “ಈ ಕುದ್ರೆಗೋಳೂ?”

“ಪತ್ರದಲ್ಲಿ ಐತಲ್ಲಕ್ಕ, ಐದ್ನೇ ಬಾಬ್ತು.”

ಆಕೆ ಇತ್ತ ತಿರುಗಿದರು. ಅವರ ಮುಖದ ಮೇಲೆ ಕಂಡದ್ದು ದುಃಖವಲ್ಲ. ಹೊತ್ತ ಕೊಡ ಯಾರೋ ಇಳಿಸಿಕೊಟ್ಟಂತಿತ್ತು. “ಅಂಗಾರೆ ತಕ್ಕೊಂಡೋಗಿ. ನಮ್ದಲ್ದಿರೋದು ನಮ್ಮನೇಲಿ ಯಾಕಿರ್ಬೇಕು? ಮಾರಾಣ ಅಂತಿದ್ದೆ. ಮೈಸೂರಿಂದ ಯಾರೋ ಬಂದು ನೋಡ್ಬುಟ್ಟು, ನಮಗ್ ಬ್ಯಾಡ ಅಂತ ಒಂಟೋದ್ರು. ನಂಗೂ ಸಾಕಾಗದೆ.”

ಮೈಸೂರಿನವರ ಮೇಲೆ ಸಿದ್ದರಾಜುವಿಗೆ ಕನಿಕರ ಹುಟ್ಟಿತು. ಪಾಪ, ಚೌಕಾಸಿ ಬಾರದ ಜನ.

“ಆದ್ರೆ ಒಂದ್ಮಾತು,” ಅಂದರು ದೇವಿರಮ್ಮ. “ಈ ಪತ್ರದ್ದು ಒಂದ್ ಜೆರಾಕ್ಸು ನಂಗೂ ಇರ್ಲಿ. ನಿಮ್ ವಸ್ತು ನೀವೇ ವಾಪಸ್ ತಕ್ಕೊಂಡ್ರಿ ಅಂತ ಬರ್ದು ಒಂದ್ ಸೈನಾಕ್ಬುಡಿ. ನಾಳಿಕ್ಕೆ ಯಾರಾದ್ರೂ ಬಂದ್ ಕೇಳುದ್ರೆ ನಾನೇನ್ ಏಳ್ಲಿ?”

ಇದನ್ನು ಹೇಗೆ ಕಾಗದಕ್ಕೆ ಇಳಿಸುವುದು ಎಂದು ಸಿದ್ದರಾಜು ದಾರಿಯುದ್ದಕ್ಕೂ ತಲೆ ಕೆಡಿಸಿಕೊಂಡು ಬಂದಿದ್ದ. ಈಗ ಆಕೆಯೇ ಬೇಡುತ್ತಿದ್ದಾರೆ! ಪೇಟೆಗೆ ಹೋಗಿ ಜೆರಾಕ್ಸು ಮಾಡಿಸಿ ತಂದ. ಅದರ ಹಿಂದೆ ತನ್ನ ಮುತ್ತಿನಂಥ ಅಕ್ಷರದಲ್ಲಿ, ನನ್ನ ಸ್ವತ್ತನ್ನು ನಾನು ಪೂರ್ತಿಯಾಗಿ ವಾಪಸು ಪಡೆದಿರುತ್ತೇನೆ, ಇನ್ನು ಮುಂದೆ ಸದರಿ ಸ್ವತ್ತಿಗೂ ದೇವಿರಮ್ಮನವರಿಗೂ ಯಾವ ಸಂಬಂಧವೂ ಇರುವುದಿಲ್ಲ ಎಂದು ಬರೆದು, ಸಹಿ ಹಾಕಿ, ಕೇಳದಿದ್ದರೂ ಹೆಬ್ಬೆಟ್ಟನ್ನೂ ಒತ್ತಿದ. ದೇವಿರಮ್ಮ ಟೀ ಕೊಟ್ಟರು. ಅಪರಾಧ ಇಷ್ಟು ಸಲೀಸಾಗಿ ಮುಗಿದದ್ದು ಅವನಿಗೆ ಒಂಥರಾ ನಿರಾಸೆಯನ್ನೇ ತಂದಿತು. ಇಂಥವರಿಗೆ ಅಷ್ಟು ಒಳ್ಳೆಯ ಸಹಿ ಬೇಕಿರಲಿಲ್ಲ.

ಮಾರನೆಯ ದಿನವೇ ಚಿಕ್ಕಮಾದು ಎಂಬ ಗೂಡ್ಸ್ ಗಾಡಿಯವನನ್ನು ಹಿಡಿದು ಎಲ್ಲವನ್ನೂ ಸಾಗಿಸಿದ. ಮೀನು, ಕುದುರೆ, ಹವಳ, ಎಲ್ಲ ಅದದೇ ನೀರಿನಲ್ಲಿ, ದೊಡ್ಡ ದೊಡ್ಡ ಕವರಿನಲ್ಲಿ. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಗಾಡಿ ತೆವಳಿತು. ರಸ್ತೆಯ ಒಂದೊಂದು ಉಬ್ಬಿಗೂ ಸಿದ್ದರಾಜು “ನಿಧಾನ ಕಣ್ಲಾ” ಎಂದು ಕೂಗಿದ. ಚಿಕ್ಕರಸಿನಕೆರೆಯಲ್ಲಿ ನಿಲ್ಲಿಸಿ ಕವರುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದ.

“ಏನಣ್ಣೋ, ಕೂಸ್ ನೋಡ್ದಂಗ್ ನೋಡ್ತಿದ್ದೀಯ?” ಅಂದ ಚಿಕ್ಕಮಾದು.

“ನಂದು ಕಣ್ಲಾ, ನೋಡ್ಬಾರ್ದಾ?” ಅಂದ ಸಿದ್ದರಾಜು. ಅಷ್ಟು ಹೊತ್ತಿಗೆ ಅವನೂ ಅದನ್ನು ನಂಬಿದ್ದ.

ಪಡುಗೋಡೆ ಒಂದೇ ವಾರದಲ್ಲಿ ಮದ್ದೂರಿಗೆಲ್ಲ ಗೊತ್ತಾಯಿತು. ನೆಂಟರು ಬಂದರು, ಮಂಡ್ಯದಿಂದ ಷಡ್ಡಕ ಅಂಬರೀಶ ಬಂದ. ಇದಕ್ಕೆ ಯಾವ ಉಪ್ಪು ಹಾಕುತ್ತೀಯ ಎಂದು ಅವನು ಕೇಳಿದ. ಸಿದ್ದರಾಜು ಎಷ್ಟು ಜೋರಾಗಿ ನಕ್ಕನೆಂದರೆ ರೂಪ ಅಡಿಗೆಮನೆಯಿಂದ ಇಣುಕಿ ನೋಡಿದಳು. ಒಂಬತ್ತು ವರ್ಷದ ಬಾಕಿ ಅಂದಿಗೆ ತೀರಿತು.

ಹತ್ತನೆಯ ದಿನ ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಮನೆ ಮುಂದೆ ಜೀಪು ನಿಂತಿತು. ಖಾಕಿ ತೊಟ್ಟ ಹೆಂಗಸು, ಹಿಂದೆ ಇಬ್ಬರು ಗಂಡಸರು. ದೇವಿರಮ್ಮನ ಕಿವಿಯಲ್ಲಿ ಯಾರೋ ಊದಿದ್ದಾರೆ, ದೂರು ಕೊಟ್ಟಿದ್ದಾಳೆ, ಎಂದು ಸಿದ್ದರಾಜು ತಕ್ಷಣ ಊಹಿಸಿದ. ಹೆದರಿಕೆಯ ಬದಲು ಅವನಿಗೆ ಖುಷಿಯೇ ಆಯಿತು. ಆ ಪತ್ರಕ್ಕೆ ಕೊನೆಗೂ ಓದಬಲ್ಲ ಓದುಗರು ಸಿಕ್ಕಿದರು. ಕೈ ತೊಳೆದುಕೊಂಡು ಬಂದು, ಕೇಳುವ ಮೊದಲೇ ಅಸಲನ್ನು ಅವರ ಕೈಗಿಟ್ಟ.

ನಾಗಶ್ರೀ ಎಂದು ಆಕೆಯ ಅಂಗಿಯ ಮೇಲೆ ಬರೆದಿತ್ತು. ಆಕೆ ನಿಂತೇ ಓದಿದರು. “ಇದು ನಿಮ್ಮ ಕೈಬರಹನಾ?”

“ನಂದೇ ಮೇಡಂ.”

“ಇವನ್ನೆಲ್ಲ ಕಡಲಿಂದ ತಂದವರು ನೀವೇನಾ? ಮೇಷ್ಟ್ರಲ್ವಾ?”

“ಮೇಷ್ಟ್ರಿಗೇನ್ ಗೊತ್ತು ಮೇಡಂ, ಅವ್ರು ಪಾಪ ನೋಡ್ಕೊಂಡಿದ್ರು ಅಷ್ಟೇಯ. ನಾನೇ ಖುದ್ದಾಗ್ ಓಗಿ ತಂದಿದ್ದು.”

“ಒಂಬತ್ತು ವರ್ಷದಿಂದ ಇದು ನಿಮ್ಮದೇ?”

“ಬೇರೆ ಯಾರ್ದಾದ್ರೂ ಅಂತ ಒಬ್ರು ಬಂದ್ ಏಳ್ಲಿ ಮೇಡಂ, ನೋಡಾಣ.”

ಅವನು ಹೇಳಿದ್ದನ್ನೆಲ್ಲ ಜೊತೆಗಿದ್ದ ಒಬ್ಬಾತ ಬರೆದುಕೊಂಡ. ಸಿದ್ದರಾಜು ಅದನ್ನು ಇಸಿದುಕೊಂಡು, ಎರಡು ಕಾಗುಣಿತ ತಿದ್ದಿ, ಸಹಿ ಮಾಡಿದ.

“ನಾವು ಪೊಲೀಸ್ನೋರಲ್ಲ, ಫಾರೆಸ್ಟಿನೋರು,” ಎಂದರು ನಾಗಶ್ರೀ, ಪತ್ರವನ್ನು ಕವರಿನೊಳಗಿಟ್ಟು ಅಂಟಿಸುತ್ತ. “ಕಡಲ ಕುದುರೆ, ಹವಳ, ಎರಡೂ ಕಾನೂನಿನಲ್ಲಿ ಹುಲಿ ಆನೆ ಇರೋ ಪಟ್ಟಿಯಲ್ಲೇ ಇವೆ. ಹಿಡಿಯೋದು, ತರೋದು, ಮನೇಲಿಟ್ಟುಕೊಳ್ಳೋದು, ಎಲ್ಲ ಜೈಲಿನ ಅಪರಾಧ. ದೇವಿರಮ್ಮನವರಿಗೆ ಮೈಸೂರಿನವರು ಹೇಳಿದಾಗಲೇ ಗೊತ್ತಾಗಿದ್ದು. ಪಾಪ, ತಾವಾಗೇ ಆಫೀಸಿಗೆ ಬಂದು ಒಪ್ಪಿಸ್ತೀನಿ ಅಂದಿದ್ದರು. ನಾವು ಬರೋದು ಸ್ವಲ್ಪ ತಡವಾಯ್ತು, ಅಷ್ಟರಲ್ಲಿ ನೀವು ಬಂದು ನಂದು ಅಂತ ತಗೊಂಡು ಹೋದ್ರಂತೆ. ಮೇಷ್ಟ್ರ ಹೆಸರಿಗೆ ಕೇಸು ಬರುತ್ತೇನೋ ಅಂತ ಆಯಮ್ಮ ಹೆದರಿಕೊಂಡಿದ್ದರು. ನಿಮ್ಮ ಪತ್ರ ಓದಿದ ಮೇಲೆ ನಿದ್ದೆ ಮಾಡಿದರಂತೆ.” ಪತ್ರವೇ ಸುಳ್ಳು ಮೇಡಂ, ಎಂಬ ಮಾತು ಸಿದ್ದರಾಜುವಿನ ನಾಲಿಗೆಯ ತುದಿಗೆ ಬಂತು. ಸತ್ತವರ ಮೂರು ಸಹಿ ನೆನಪಾಗಿ ಅಲ್ಲೇ ನಿಂತಿತು. ರೂಪ ಅವನ ಮುಖ ನೋಡುತ್ತಿದ್ದಳು. ಬಾಗಿಲಾಚೆ ಜೀಪಿನವನು ಹಿಂದಿನ ಸೀಟಿನ ಮೇಲಿದ್ದ ಫೈಲುಗಳನ್ನು ಆಚೆ ಸರಿಸಿ, ಒಬ್ಬರು ಕೂರುವಷ್ಟು ಜಾಗ ಮಾಡುತ್ತಿದ್ದ.